ಹೆಸರು ಹಿಡಿದು ಕರೆದವರು

“ನೀಲವ್ವ, ಬರ್ರಿ” ಎಂದು ಕಂಪ್ಯೂಟರ್ ಕರೆದದ್ದೇ ತಡ, ನೀಲವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು. ಅದು ತೀರಿಹೋದ ಅವರ ಗಂಡನ ಧ್ವನಿ.

ಸಿಂದಗಿಯ ನಮ್ಮ ಗ್ರಂಥಾಲಯಕ್ಕೆ ನಾನು ಮುಕ್ತ ತಂತ್ರಾಂಶದಲ್ಲಿ ಜಾಲತಾಣ ಕಟ್ಟುವಾಗ, ಗ್ರಂಥಪಾಲಕರಾಗಿದ್ದ ಆ ಹಿರಿಯರೇ ಕಣ್ಣು ಕಾಣದ ಓದುಗರಿಗಾಗಿ ಧ್ವನಿ ಕೊಟ್ಟಿದ್ದರು. ಅದನ್ನು ಕಲಿತ ಕಂಪ್ಯೂಟರ್, ಅವರು ಎಂದೂ ಆಡದ ಮಾತನ್ನೂ ಅವರಂತೆಯೇ ಆಡುತ್ತದೆ. ಸದಸ್ಯರಾಗಲು ಬಂದ ನೀಲವ್ವನ ಹೆಸರನ್ನು ನಾನು ಟೈಪ್ ಮಾಡಿದ್ದೆ, ಅಷ್ಟೇ.

“ತಂಗಿ, ಧ್ವನಿ ಅವರದ ಐತಿ,” ಎಂದರು ನೀಲವ್ವ. “ಆದ್ರ ಅವರು ಒಂದ ದಿನಾನೂ ನನ್ನ ಹೆಸರ ಹಿಡದು ಕರದಿಲ್ಲ. ಹಂಗಾರ ಈಗ ಕರದವರು ಯಾರವ್ವಾ?”

ಬೆಳಿಗ್ಗೆ ಲಾಗಿನ್ ಆದೊಡನೆ ಅದು ನನ್ನನ್ನೂ ಹೆಸರು ಹಿಡಿದು ಕರೆಯುತ್ತದೆ. ಮೊದಲೆಲ್ಲ ತಮಾಷೆಗೆ “ಓ” ಎನ್ನುತ್ತಿದ್ದೆ. ಈಗ ಅನ್ನುವುದಿಲ್ಲ.