ಗಾಜಿನ ಪಟ್ಟಿ ಕಾಯುವ ಅಕ್ಕವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉಟಗಿ ಹಾದಿಯ ಕಾಲೇಜಿನಲ್ಲಿ ಕಸ ಗುಡಿಸುವ ಅಕ್ಕವ್ವ ಕಸಬರಿಗೆಯನ್ನು ಮೂಲೆಗಿಟ್ಟು ಮೊದಲು ಪರೀಕ್ಷಾ ಹಾಲಿನ ಪಡುವಣ ಗೋಡೆಗೆ ಹೋಗುತ್ತಾಳೆ. ಅಲ್ಲಿ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದ ಮೂರು ಗಾಜಿನ ಪಟ್ಟಿಗಳಿವೆ. ಗೋಡೆ ಎಳ್ಳಷ್ಟು ಸರಿದರೂ ಗಾಜು ಒಡೆಯುತ್ತದೆ. ಕಂದೀಲು ಎತ್ತಿ ಹಿಡಿದು ಒಂದೊಂದನ್ನೇ ಬೆರಳಿನಿಂದ ಸವರಿ ನೋಡುತ್ತಾಳೆ.

ಈ ಪರೀಕ್ಷಾ ಹಾಲಿಗೆ ಬುನಾದಿ ಬಿದ್ದದ್ದು 1961ರಲ್ಲಿ. ಗಂಡ ಶಿದ್ರಾಯ ಗೋಡೆ ಕಟ್ಟುವ ಗೌಂಡಿ, ಈಕೆ ಬುಟ್ಟಿ ಹೊರುವವಳು, ಇಬ್ಬರೂ ತಿಕೋಂಡಿ ಹಳ್ಳಿಯವರು. ತೋಡುವಾಗ ಮೂಲೆಯಲ್ಲಿ ಹಳೆಯ ಹಗೇವು ಸಿಕ್ಕಿತು, ಹಿಂದಿನವರು ಜೋಳ ತುಂಬಿಡುತ್ತಿದ್ದ ಆಳೆತ್ತರದ ಗುಂಡಿ. ಕಲ್ಲು ತುಂಬಿದರೆ ದಿನ ಹಿಡಿಯುತ್ತದೆಂದು ಆಳುಗಳ ಮೇಲ್ವಿಚಾರಕ ಮುಕಾದಮ ಮಹಾಶಯ ಮಣ್ಣು ಸುರಿಸಿದ.

"ಇನ್ನೂರು ಬುಟ್ಟಿ ನಾನ ಸುರದೇನ್ರಿ. ನಮ್ಮವ್ರೂ ಸುಮ್ಮನಿದ್ರು, ನಾನೂ ಬಾಯಿ ಬಿಡಲಿಲ್ಲ," ಎಂದು ಅಕ್ಕವ್ವ ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾಳೆ.

ಅದರ ಮೇಲೆಯೇ ಪಡುವಣ ಗೋಡೆ ಎದ್ದಿತು. ಊರು ಶಿದ್ರಾಯನ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು!

1967ರ ಕೊಯ್ನಾ ಭೂಕಂಪದ ಬಳಿಕ ಗೋಡೆ ಬಿರಿಯಿತು. ಇಂಜಿನಿಯರ್ ಬಂದು ಗಾಜು ಕೂರಿಸಿ, ಒಡೆದರೆ ತಿಳಿಸಿರೆಂದು ಹೇಳಿಹೋದ. ನಾನು ಕಾಯುತ್ತೇನೆಂದು ತಾನಾಗಿ ಮುಂದೆ ಬಂದವಳು, ಆಗಲೇ ಅಲ್ಲಿ ಕಸ ಗುಡಿಸುತ್ತಿದ್ದ ಅಕ್ಕವ್ವ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ. ಯಾಕೆಂದು ಮಾತ್ರ ಯಾರೂ ಕೇಳಲಿಲ್ಲ.

1968ರ ಏಪ್ರಿಲ್. ವಿದ್ಯಾಪೀಠದ, ಅಂದರೆ ಯೂನಿವರ್ಸಿಟಿಯ ಪರೀಕ್ಷೆ; ಎಂಟು ಗಂಟೆಗೆ ಎಪ್ಪತ್ತು ಮಕ್ಕಳು ಒಳಗೆ ಕೂರಬೇಕು. ನಸುಕಿನಲ್ಲಿ ನೋಡಿದರೆ ನಡುವಿನ ಗಾಜು ಒಡೆದಿದೆ. ಮನೆಯಲ್ಲಿ ಅಂಥದೇ ಇನ್ನೊಂದು ಗಾಜಿದೆ. ಅದನ್ನು ಅಂಟಿಸಿಬಿಟ್ಟರೆ ಗಂಡನ ಹೆಸರು ಉಳಿಯುತ್ತದೆ. ಅಯ್ಯೋ ಶಿವನೇ, ಆ ಮಕ್ಕಳ ಗತಿ? ಅಕ್ಕವ್ವ ಹೋಗಿ ಹಾಲಿನ ಬಾಗಿಲಿಗೆ ಅಡ್ಡ ಕುಳಿತುಬಿಡುತ್ತಾಳೆ.

"ಏಳ ಅಕ್ಕವ್ವ! ನಿನ್ನ ಕಸಬರಗಿ ಬಡದು ಒಡದಿರಬೇಕು," ಎಂದು ಪ್ರಿನ್ಸಿಪಾಲ ಶಿವಯೋಗೆಪ್ಪನವರು ಗದರುತ್ತಾರೆ. "ಪರೀಕ್ಷಾ ತಪ್ಪಿದ್ರ ವಿದ್ಯಾಪೀಠದವ್ರಿಗೆ ಏನ್ ಹೇಳ್ಲಿ?"

"ನನ್ನ ತುಳದು ಹೋಗ್ರಿ ಸರ. ಗೋಡಿ ಬುಡಕ್ಕ ಹಗೇವು ಐತಿ. ಮಣ್ಣು ಹಾಕಿ ಮುಚ್ಚಿದವ್ರು ನಾವ."

ಶಿವಯೋಗೆಪ್ಪನವರು ಗೊಣಗುತ್ತಲೇ ಪರೀಕ್ಷೆಯನ್ನು ಬೇವಿನ ಮರದಡಿ ನಡೆಸಿದರು. ಹತ್ತೂವರೆಗೆ ಹಾಲಿನ ಮೂಲೆಯ ನೆಲ ಧೊಪ್ಪನೆ ಕುಸಿದು ಎರಡು ಬೆಂಚು ಒಳಗೆ ಹೋದವು. ಶಿವಯೋಗೆಪ್ಪನವರಿಗೆ ಅಂದು ಸಂಜೆಯವರೆಗೂ ಆಕೆಯ ಮುಖ ನೋಡಲಾಗಲಿಲ್ಲ.

"ನನ್ನ ಮರ್ಯಾದಿ ಮಣ್ಣಪಾಲ ಮಾಡಿದಿ," ಎಂದು ಶಿದ್ರಾಯ ಹೆಂಡತಿಯ ಜೊತೆ ಮಾತು ಬಿಟ್ಟ. ತಿಂಗಳಾದ ಮೇಲೆ ಹಗೇವಿಗೆ ಕಲ್ಲು ತುಂಬುವ ಕೆಲಸ ಶುರುವಾದಾಗ, ಯಾರೂ ಕರೆಯದೆ ಬಂದು ಗುಂಡಿಗಿಳಿದ. ಹನ್ನೊಂದು ದಿನ ಒಂದೊಂದೇ ಕಲ್ಲು ಬಡಿದು ಕೂರಿಸಿದ. ಬಿರುಕಿಗೆ ಹೊಸ ಗಾಜನ್ನೂ ತಾನೇ ಹಚ್ಚಿದ.

ಮೂರು ವರ್ಷವಾಯಿತು. ಈಗಲೂ ಅಕ್ಕವ್ವ ಗಾಜು ಸವರಿ, ಕಸ ಗುಡಿಸಿ ಮನೆಗೆ ಹೋಗುತ್ತಾಳೆ. ಮನೆಯ ಹೊಸ್ತಿಲಲ್ಲಿ ಶಿದ್ರಾಯ ಕಾದಿರುತ್ತಾನೆ. ದಿನವೂ ಒಂದೇ ಪ್ರಶ್ನೆ: "ಹ್ಯಾಂಗೈತಿ?"

ಪೇಪರಿಗೆ ಏನು ಬರೆಯಲಿ ಎಂದರೆ ಅಕ್ಕವ್ವ ಸೆರಗಿನಿಂದ ಗಾಜು ಒರೆಸುತ್ತ ಹೇಳುತ್ತಾಳೆ:

"ನನ್ನ ಹೆಸರು ಬಿಡ್ರಿ. ಶಿದ್ರಾಯ ಗೌಂಡಿ ಹಚ್ಚಿದ ಗಾಜು ಇನ್ನೂ ಒಡದಿಲ್ಲಂತ ಬರೀರಿ. ಅವ್ರು ಓದಿಸಿ ಕೇಳ್ತಾರ."