ಮೂವತ್ತಾರನೇ ನಂಬರು ಗೈರಿರಲಿಲ್ಲ

ನನ್ನ ಮೊಮ್ಮಗಳ ಕಾಲೇಜು ನಿಲ್ಲುವ ಹಂತಕ್ಕೆ ಬಂದದ್ದು ನನ್ನಿಂದ. ಓಣಿಯವರು ಅವಳ ಕಾಲೇಜಿನ ಸರ್‌ ಅವರನ್ನು ಬೈಯುತ್ತಾರೆ, ನನ್ನ ಮಗ ಹುಡುಗಿಯನ್ನೇ ಬೈದ. ಹುಡುಗಿಗೆ ಕಿವಿ ಕೇಳುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ಹನ್ನೊಂದು ವರ್ಷ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟವಳು ನಾನು. ಆದದ್ದು ಇಷ್ಟೇ. ಉಳಿದದ್ದನ್ನೂ ಬರೆಯುತ್ತೇನೆ, ಬರೆಯಲು ಉಮೇದು ಏನೂ ಇಲ್ಲ.

ನಾವಿರುವುದು ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ. ಮನೆಯ ಗೋಡೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು. ಮಗ ಅಲ್ಲಿ ಮಗ್ಗ ನಡೆಸುತ್ತಾನೆ. ಮೊಣಕಾಲು ಹಿಡಿಯುವವರೆಗೆ ನಾನೂ ಅಲ್ಲೇ ಕಾಂಡಿ ಸುತ್ತಿದವಳು. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ಮಗ್ಗಗಳು ನಡೆಯುವಾಗ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ಈ ತುದಿಯವನು ಆ ತುದಿಯವನಿಗೆ ಅವನ ಬೀಗರ ಬಗ್ಗೆ ಏನಾದರೂ ಅಂದರೆ ನಡುವಿನವರೆಲ್ಲ ನಗುತ್ತಾರೆ, ದನಿ ಮಾತ್ರ ಇರುವುದಿಲ್ಲ. ಗುಟ್ಟಿನ ಮಾತಾದರೆ ಹತ್ತಿರ ಹೋಗಿ, ಬಾಯಿಗೆ ಸೆರಗು ಮರೆ ಹಿಡಿದು, ಕಿವಿಯಲ್ಲಿ ಕೂಗಬೇಕು.

ತಾಯಿ ಇಲ್ಲದ ಮೊಮ್ಮಗಳು ಬೆಳೆದದ್ದು ಆ ಸದ್ದಿನಲ್ಲಿ, ನನ್ನ ಬುಟ್ಟಿಯ ಪಕ್ಕ. ಮಾತು ತಡವಾಗಿ ಬಂತು, ಆದರೆ ಬಂತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಾನು ಹಿಂದಿನಿಂದ ಅವಳ ಹೆಸರು ಹಿಡಿದು ಕರೆದೆ. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನೋಡಲಿಲ್ಲ. ಇನ್ನೂ ಎರಡು ಸಲ ಕರೆದೆ. ಕಾಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತೇ ಇದ್ದಳು.

ಕೊಲ್ಹಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಕಿವಿಗೆ ಹಾಕುವ ಮಷೀನು ಕೊಟ್ಟರು, ಕಾಗದ ಬರೆದುಕೊಟ್ಟರು, ಸಾಲಿ ಕಾಲೇಜಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂದರು. ಮಷೀನು ಹಾಕಿಕೊಂಡರೆ ತಲೆಯೊಳಗೇ ಮಗ್ಗ ನಡೆದಂತಾಗುತ್ತದೆ ಎಂದು ಹುಡುಗಿ ಕಿತ್ತಿಟ್ಟಳು. ನಾನು ಎರಡನ್ನೂ ಟ್ರಂಕಿಗೆ ಹಾಕಿದೆ. ಯಾರ ಮುಂದೆಯೂ ಹೇಳಬಾರದೆಂದು ಅವಳ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದೆ. ನಾಳೆ ಹೆಣ್ಣು ನೋಡಲು ಬಂದವರು ಚಹಾ ಕುಡಿದು ಹೋದರೆ ತಿರುಗಿ ಬರುವುದಿಲ್ಲ ಎಂಬ ಹೆದರಿಕೆ. ಮಗನೂ ಹೂಂ ಅಂದ. ಮನೆಯಲ್ಲಿ ಅವಳು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳಲ್ಲ, ಎರಡು ಮೂರು ವರ್ಷದಲ್ಲಿ ಅವನು ಕಿವಿ ಸುಧಾರಿಸಿತು ಎಂದೇ ತಿಳಿದ. ನಾನು ತಿದ್ದಲಿಲ್ಲ.

ಸಾಲಿಯನ್ನು ಪುಸ್ತಕ ಓದಿಯೇ ಮುಗಿಸಿದಳು. ಕೊಲ್ಹಾಪುರದ ಕಾಲೇಜಿಗೆ ಸೇರಿ ದಿನಾ ಎಸ್‌.ಟಿ. ಬಸ್ಸಿನಲ್ಲಿ ಹೋಗಿಬರತೊಡಗಿದಳು. ಎರಡನೇ ವರ್ಷ ಬಿ.ಕಾಂ. ನಡೆದಿತ್ತು, ದೀಪಾವಳಿ ಆದ ಮೇಲೆ ಕಾಲೇಜಿನಿಂದ ಪತ್ರ ಬಂತು. ಹುಡುಗಿಯ ಹಾಜರಿ ಸಾಲದು, ಪಾಲಕರು ಬಂದು ಕಾಣದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿತ್ತು. ಮಗ ಪತ್ರ ಹಿಡಿದು ಅವಳೆದುರು ನಿಂತ.

“ದಿನಾ ಡಬ್ಬಿ ಕಟಗೊಂಡು ಎಲ್ಲಿ ಹೋಗಾಕತ್ತಿ?”

“ಕಾಲೇಜಿಗಿ.”

“ನೀ ಬಂದಿಲ್ಲಂತ ಅವರು ಬರದಾರ. ಕಾಲೇಜಿನವರು ಸುಳ್ಳ ಹೇಳ್ತಾರೇನು?”

ಅವಳು ನನ್ನ ಕಡೆ ನೋಡಿದಳು. ಹೇಳಲೇ ಎಂದು ಕೇಳುವ ನೋಟ. ನಾನು ರೊಟ್ಟಿ ತಟ್ಟುತ್ತಿದ್ದೆ, ತಟ್ಟುತ್ತಲೇ ಇದ್ದೆ. ಮಗ ಯಾರ ಜೊತೆ ತಿರುಗುತ್ತೀ ಎಂದು ಕೇಳಬಾರದ್ದನ್ನೂ ಕೇಳಿ, ಸೋಮವಾರದಿಂದ ಕಾಂಡಿ ಮಷೀನಿಗೆ ಕೂಡು, ಕಾಲೇಜು ಸಾಕು ಎಂದ.

ಅವನು ಪಾಳಿಗೆ ಹೋದ ಮೇಲೆ ನಾನು ಅವಳನ್ನು ಕೂರಿಸಿ ಕೇಳಿದೆ. ಹಾಜರಿ ಕರೆಯುವಾಗ ಕ್ಲಾಸಿನ ಸರ್‌ ತಲೆ ತಗ್ಗಿಸಿ ಬರೀ ನಂಬರು ಓದುತ್ತಾರಂತೆ. ಇವಳದು ಮೂವತ್ತಾರು. ಮೂವತ್ತೈದನೆಯ ಹುಡುಗಿ ಎದ್ದು ಕೂತ ಕೂಡಲೇ ಇವಳು ಎದ್ದು ಹಾಜರ್‌ ಅನ್ನುತ್ತಿದ್ದಳು. ಒಂದು ವರ್ಷ ಹಾಗೇ ನಡೆಯಿತು. ಆ ಮೂವತ್ತೈದನೆಯವಳು ಮಹಾಗಾಂವಕ್ಕೆ ಲಗ್ನವಾಗಿ ಹೋಗಿ ಕಾಲೇಜು ಬಿಟ್ಟಳು. ಅಂದಿನಿಂದ ಇವಳಿಗೆ ತನ್ನ ನಂಬರು ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಿಲ್ಲ.

ಶುಕ್ರವಾರ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಡಾಕ್ಟರ ಕಾಗದ ಚೀಲದಲ್ಲಿತ್ತು, ತೆಗೆಯುವ ಮನಸ್ಸಿರಲಿಲ್ಲ.

ಸರ್‌ ಕೂರುವ ಕೋಣೆಯಲ್ಲಿ ಮೇಜಿನ ತುಂಬ ಉತ್ತರಪತ್ರಿಕೆಗಳ ಗಂಟು, ಪಕ್ಕದಲ್ಲಿ ಆರಿದ ಚಹಾ. ಅವರೂ ದಣಿದವರ ಹಾಗೆ ಕಂಡರು. ಮೇಲಿನ ತುಟಿ ಪೂರಾ ಮುಚ್ಚುವಂಥ ಮೀಸೆ. ನನ್ನ ಮರಾಠಿ ಕೇಳಿ ಯಾವೂರು ಎಂದರು. ತವರು ಗಡಹಿಂಗ್ಲಜದ ಹತ್ತಿರ ನೂಲ ಎಂಬ ಊರು ಎಂದೆ. ತಾವೂ ಗಡಹಿಂಗ್ಲಜದವರೇ ಎಂದು ಕನ್ನಡಕ್ಕೆ ತಿರುಗಿದರು. ಹುಡುಗಿ ದಿನಾ ಬರುತ್ತಾಳೆ, ನಾಚಿಕೆ ಜಾಸ್ತಿ, ಎದ್ದು ಹೇಳುವುದಿಲ್ಲ ಎಂದೆ.

“ನಾಚಿಕಿ ಇದ್ದವರೂ ಹಾಜರ್‌ ಅಂತಾರ, ಆಯಿ,” ಎಂದು ಹಾಜರಿ ಪುಸ್ತಕ ಎಳೆದುಕೊಂಡು, ಅದರಲ್ಲೇ ತಲೆ ಹಾಕಿ, ನಿನ್ನ ನಂಬರು ಎಷ್ಟು ಎಂದು ಕೇಳಿದರು.

ಹುಡುಗಿ ನನ್ನತ್ತ ನೋಡಿದಳು. ಶೆಡ್ಡಿನ ರೂಢಿ, ನನ್ನ ತುಟಿ ತಾನೇ ಆಡಿತು: ನಂಬರು ಕೇಳಾಕತ್ತಾರ. ದನಿ ಇಲ್ಲ. ಅವಳು ಮೂವತ್ತಾರು ಎಂದಳು.

ಸರ್‌ ತಲೆ ಎತ್ತಿದರು. ಅವಳನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಕಪಾಟಿನ ಕಡೆ ಹೋಗಿ, ನಮಗೆ ಬೆನ್ನು ಮಾಡಿ ನಿಂತು, ಚಹಾ ಕುಡಿಯುತ್ತೀಯಾ ಎಂದು ಕೇಳಿದರು. ಮಗ್ಗದ ಸದ್ದಿಗೆ ಅರ್ಧ ಹೋದ ನನ್ನ ಕಿವಿಗೂ ಅದು ಕೇಳಿತು. ಹುಡುಗಿ ಕೈಕಟ್ಟಿ ನಿಂತೇ ಇದ್ದಳು. ಈ ಸಲ ನಾನು ತುಟಿ ಆಡಿಸಲಿಲ್ಲ.

ಅವರು ಬಂದು ಕೂತು ಪುಸ್ತಕದಲ್ಲಿ ಬೆರಳಿಟ್ಟರು. ಮೂವತ್ತೈದರ ಮೇಲೆ ಕೆಂಪು ಗೆರೆ. ಆ ಗೆರೆ ಶುರುವಾದ ದಿನದಿಂದಲೇ ಮೂವತ್ತಾರಕ್ಕೆ ಗೈರು, ಗೈರು, ಗೈರು. ಬೆರಳನ್ನು ಕೊನೆಯವರೆಗೆ ಎಳೆದರು.

“ಎದುರಿಗೇ ಕುಂತಿತ್ತು ಕೂಸು,” ಎಂದರು. ನಮಗೆ ಹೇಳಿದ್ದಲ್ಲ.

ನಾನು ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಸರ್‌ ಅದನ್ನು ಓದಿ ಬದಿಗಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಅವಳನ್ನೇ ಕೇಳಿದರು: “ನಿನಗ ಏನ ಬೇಕು? ಆಯಿನ್ನ ನೋಡಬ್ಯಾಡ. ನೀ ಹೇಳು.”

ಹತ್ತೊಂಬತ್ತು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ. ಹೇಳುವುದು ಅಷ್ಟಿದೆ ಎಂದೂ ನನಗೆ ಗೊತ್ತಿರಲಿಲ್ಲ. ಹಲಗೆಗೆ ಮುಖ ಮಾಡಿ ಪಾಠ ಹೇಳಬಾರದು. ಗೋಡೆಯ ಮೇಲೆ ಚಿತ್ರ ತೋರಿಸುವಾಗ ಎಲ್ಲ ದೀಪ ಆರಿಸಬಾರದು, ಬಾಯಿ ಕಾಣುವುದಿಲ್ಲ. ಹೊಸ ಶಬ್ದವನ್ನು ಮೊದಲು ಬರೆದು ಆಮೇಲೆ ಹೇಳಬೇಕು, ಎಂದೂ ಕಾಣದ ಶಬ್ದ ತುಟಿಯ ಮೇಲೆ ಗುರುತು ಸಿಗುವುದಿಲ್ಲ. ಹಿಂದಿನವರು ಏನಾದರೂ ಕೇಳಿದರೆ ಅದನ್ನು ಸರ್‌ ಇನ್ನೊಮ್ಮೆ ಹೇಳಬೇಕು. ಬಾಯಿಪರೀಕ್ಷೆಯ ಪ್ರಶ್ನೆ ಚೀಟಿಯಲ್ಲಿ ಬರೆದುಕೊಡಬೇಕು. ಇಷ್ಟು ಹೇಳಿ ನಿಂತಳು. ಆಮೇಲೆ, “ಮತ್ತ ಮೀಸಿ, ಸರ್‌,” ಎಂದಳು.

“ಮೀಸಿ ಏನ ಮಾಡ್ತು?”

“ಮ್ಯಾಲಿನ ತುಟಿ ಕಾಣೂದಿಲ್ರಿ.”

ಪಕ್ಕದ ಮೇಜಿನಲ್ಲಿದ್ದ ಮೇಡಮ್ಮೊಬ್ಬರು ನಕ್ಕರು. ಸರ್‌ ಮೀಸೆ ಮುಟ್ಟಿ ನೋಡಿಕೊಂಡರು.

ಮುಂದಿನ ಸಾಲಿನ ಬದಿಯ ಜಾಗ ಅವಳಿಗೆ, ಅಲ್ಲಿಂದ ನಾನೂ ಕಾಣುತ್ತೇನೆ, ಉಳಿದ ಹುಡುಗರೂ ಕಾಣುತ್ತಾರೆ ಎಂದರು. ಮರುದಿನದ ಪಾಠದ ಹೊಸ ಶಬ್ದಗಳನ್ನು ಹಿಂದಿನ ದಿನವೇ ಬರೆದುಕೊಡುತ್ತೇನೆ ಎಂದರು. ಹಾಜರಿ ಕೂಗುವುದು ಬಿಟ್ಟು ಹಾಳೆ ತಿರುಗಿಸುತ್ತೇನೆ, ಎಲ್ಲರೂ ಸಹಿ ಮಾಡಲಿ; ಅವಳೊಬ್ಬಳಿಗೇ ಬೇರೆ ಮಾಡಿದರೆ ಕ್ಲಾಸೆಲ್ಲ ಅವಳನ್ನೇ ನೋಡುತ್ತದೆ ಎಂದರು. ಹೇಳಿದಂತೆ ಮಾಡಿದರು ಕೂಡ. ಎಷ್ಟೋ ಸಲ ಮರೆತು ಹಲಗೆಗೇ ಪಾಠ ಹೇಳುತ್ತಾರಂತೆ, ಇವಳು ಪೆನ್ನು ಎತ್ತಿದರೆ ತಿರುಗುತ್ತಾರಂತೆ. ಮೀಸೆ ತೆಗೆಯಲಿಲ್ಲ, ಕತ್ತರಿಸಿದರು. ಅವಳನ್ನು ಪರೀಕ್ಷೆಗೂ ಕೂರಿಸಿದರು.

ಆದರೆ ಅವೆಲ್ಲ ಆಮೇಲಿನವು. ಅಂದು ಅವರು ಇನ್ನೊಂದು ಮಾತು ಹೇಳಿದರು. ಹಿಂದಿನ ಗೈರುಗಳನ್ನು ತಾವೊಬ್ಬರೇ ತಿದ್ದಲು ಬರುವುದಿಲ್ಲ. ಹುಡುಗಿಯ ತಂದೆಯ ಸಹಿ ಇರುವ ಅರ್ಜಿ, ಜೊತೆಗೆ ಈ ಕಾಗದದ ಝೆರಾಕ್ಸು ನಾಳೆಯೇ ಆಫೀಸಿಗೆ ಬರಬೇಕು. ಉಳಿದ ಸರ್‌ಗಳಿಗೂ ಅಲ್ಲಿಂದ ತಿಳಿಸುತ್ತಾರೆ.

“ಅಂದ್ರ ಎಲ್ಲಾರಿಗೂ ಗೊತ್ತಾದಂಗಾತು,” ಎಂದೆ.

“ಕಲಸೂವರಿಗಿ ಗೊತ್ತಾಗಬೇಕ್ರಿ. ಓಣಿಗಿ ಹೇಳೂದು ಬಿಡೂದು ನಿಮಗ ಬಿಟ್ಟದ್ದು. ಆದ್ರ ಕಾಗದಾ ನಿಮ್ಮ ಮನ್ಯಾಗ ಇದ್ರ ನಾ ಇಲ್ಲಿ ಏನೂ ಮಾಡಾಕ ಬರೂದಿಲ್ಲ.”

ಅವಳ ಅಪ್ಪನನ್ನು ಕೇಳಿ ನೋಡುತ್ತೇನೆ ಎಂದು ಕಾಗದವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಹೌದು, ಅಷ್ಟೆಲ್ಲ ಆದ ಮೇಲೂ ವಾಪಸ್‌ ತಂದೆ.

ಬಸ್ಸಿನಲ್ಲಿ ಅವಳ ಮೊಣಕೈ ಮುಟ್ಟಿ, ಇಷ್ಟೆಲ್ಲ ತ್ರಾಸು ಇತ್ತು, ನನಗಾದರೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನ ಆಣಿ ಹಾಕ್ಸಿದ್ದಿ,” ಎಂದು ಕಿಟಕಿಯ ಕಡೆ ತಿರುಗಿದಳು. ಅವಳು ಮುಖ ತಿರುಗಿಸಿದರೆ ಮಾತು ಮುಗಿದ ಹಾಗೆ. ಆಮೇಲೆ ನಾವು ಏನು ಹೇಳಿದರೂ ಅವಳಿಗೆ ಮುಟ್ಟುವುದಿಲ್ಲ. ಶಹಾಪುರ ಬರುವವರೆಗೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ಬರೆದಿಟ್ಟ ಅರ್ಜಿ ಹಿಡಿದು ಶೆಡ್ಡಿಗೆ ಹೋದೆ. ಮಗ್ಗಗಳೆಲ್ಲ ನಡೆದಿದ್ದವು. ಕಾಂಡಿ ಮಷೀನಿನ ಹತ್ತಿರ, ಓಣಿಯ ಲಗ್ನದ ಸುದ್ದಿಗಳನ್ನೆಲ್ಲ ಮನೆಯಿಂದ ಮನೆಗೆ ಒಯ್ಯುವ ಹೆಂಗಸು ಕೂತಿದ್ದಳು. ಮಗ ನನ್ನನ್ನು ಕಂಡು, ಹತ್ತಿರ ಬಾ ಎಂದು ಕೈಸನ್ನೆ ಮಾಡಿದ. ನಾನು ಹೋಗಲಿಲ್ಲ. ಬಾಗಿಲ ಬೆಳಕಿನಲ್ಲೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ತುದಿಯವರಿಗೂ ಕಾಣುವ ಹಾಗೆ ಸಾವಕಾಶವಾಗಿ ತುಟಿ ಆಡಿಸಿದೆ.

“ನಿನ್ನ ಮಗಳಿಗಿ ಕಿವಿ ಕೇಳೂದಿಲ್ಲ. ದಿನಾ ಕ್ಲಾಸಿನಾಗ ಕುಂತಿದ್ಳು. ಬಂದು ಸಹಿ ಮಾಡು.”

ಎರಡು ಸಲ ಹೇಳಿದೆ. ಆ ಹೆಂಗಸಿನ ಕೈ ಕಾಂಡಿಯ ಮೇಲೆ ನಿಂತಿತು. ಮಗ ಮಗ್ಗ ನಿಲ್ಲಿಸಿ, ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಗೋಡೆಗೆ ಹಾಳೆ ಒತ್ತಿ ಹಿಡಿದು ಸಹಿ ಮಾಡಿದ, ಮೂಲೆಯಲ್ಲಿ ಹೆಬ್ಬೆರಳಿನ ಎಣ್ಣೆ ಕಲೆ ಬಿತ್ತು. ಹುಡುಗಿ ಡಬ್ಬಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಅರ್ಜಿಯನ್ನೂ ಡಾಕ್ಟರ ಕಾಗದವನ್ನೂ ಅವಳ ಕೈಗೆ ಕೊಟ್ಟು, ಬಸ್ಸು ತಪ್ಪುತ್ತದೆ, ಹೋಗು ಎಂದೆ.