ಎಸ್ ಒತ್ತಿದರೆ ಸುಖಾಗಮನ

ಬಾಲಣ್ಣ ಮೌಸನ್ನು ಗೋಡೆಯ ಮೊಳೆಗೆ ನೇತುಹಾಕಿದ್ದರು. ಬಾಲ ಹಿಡಿದೆತ್ತಿದ ಸತ್ತ ಇಲಿಯ ಹಾಗೆ ಅದು ವಯರಿನ ತುದಿಯಲ್ಲಿ ತೂಗುತ್ತಿತ್ತು. ಪುತ್ತೂರಿನ ಆ ಪ್ರೆಸ್ಸಿಗೆ ಹೊಸದಾಗಿ ಸೇರಿದ್ದ ನಾನು, ಅದೇಕೆ ಅಲ್ಲಿದೆ ಎಂದು ಕೇಳಿದೆ.

"ಕೈಲಾಗದವರು ಹಿಡಿಯುದು ಅದು" ಎಂದರು, ನನ್ನ ಮುಖವನ್ನೂ ನೋಡದೆ.

ಮದುವೆ, ಗೃಹಪ್ರವೇಶ, ನಾಮಕರಣ, ಯಾವ ಆಮಂತ್ರಣದ ಕಾಗದವಿದ್ದರೂ ಟೈಪ್ ಮಾಡುವವರು ಅವರೇ. ಇಸ್ತ್ರಿ ಮುರಿಯದ ಶರಟು, ಕಿಸೆಯಲ್ಲಿ ಎಂದೂ ಬಳಸದ ಎರಡು ಪೆನ್ನು. ಒಂದು ಕಾಗದ ಮುಗಿದ ಕೂಡಲೇ ಎರಡೂ ಕೈ ಮೇಲೆತ್ತಿ ಬೆರಳ ತುದಿಗಳನ್ನು ಉಫ್ ಎಂದು ಊದಿಕೊಳ್ಳುತ್ತಿದ್ದರು, ಬಿಸಿಯಾಗಿವೆ ಎಂಬಂತೆ. ಸುತ್ತ ಯಾರಾದರೂ ಇದ್ದರೆ ಎರಡು ಸಲ ಊದುತ್ತಿದ್ದರು.

ಅವರ ಕಂಪ್ಯೂಟರನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬೇಡವೆಂದು ಅವರು ಹೇಳುತ್ತಿರಲಿಲ್ಲ. ಮುಟ್ಟಿದರೂ ಅದು ನಮ್ಮ ಮಾತು ಕೇಳುತ್ತಿರಲಿಲ್ಲ. ಊರಿಗೆಲ್ಲ ಒಂದೇ ರೀತಿ ಇರುವ ಶಾರ್ಟ್‌ಕಟ್ ಕೀಗಳನ್ನೆಲ್ಲ ಅವರು ತಮಗೆ ಬೇಕಾದಂತೆ ಬದಲಿಸಿಟ್ಟಿದ್ದರು. ಕಂಟ್ರೋಲ್ ಜೊತೆ ಸಿ ಒತ್ತಿದರೆ ನಕಲಾಗುವ ಬದಲು 'ಚಿರಂಜೀವಿ' ಎಂದು ಮೂಡುತ್ತಿತ್ತು. ಬಿ ಒತ್ತಿದರೆ ಅಕ್ಷರ ದಪ್ಪವಾಗುವ ಬದಲು 'ಬಂಧುಮಿತ್ರರೇ' ಬರುತ್ತಿತ್ತು. ಮೊದಲ ದಿನ ನಾನು ಮಾಡಿದ ಕೆಲಸ ಉಳಿಸಲೆಂದು ಕಂಟ್ರೋಲ್ ಎಸ್ ಒತ್ತಿದೆ. 'ತಮ್ಮ ಸುಖಾಗಮನವನ್ನು ಬಯಸುವ' ಎಂದು ಬಂತು. ಮತ್ತೆ ಒತ್ತಿದೆ. ಮತ್ತೊಮ್ಮೆ ಬಯಸಿತು.

"ಎಸ್ ಅಂದ್ರೆ ಸುಖಾಗಮನ. ಇದ್ರಲ್ಲಿ ಎಂತ ಕಷ್ಟ ಉಂಟು?"

"ಹಾಗಾದ್ರೆ ಸೇವ್ ಮಾಡುದು ಯಾವುದರಲ್ಲಿ ಬಾಲಣ್ಣ?"

"ಅದು ನನ್ನ ಕೈಗೆ ಗೊತ್ತುಂಟು, ಬಾಯಿಗೆ ಗೊತ್ತಿಲ್ಲ."

ಅವರು ರಜೆ ಹಾಕಿದರೆ ಪ್ರೆಸ್ಸಿನ ಅರ್ಧ ಕೆಲಸ ನಿಲ್ಲುತ್ತಿತ್ತು. ಪ್ರೆಸ್ಸಿನ ಧಣಿ ಹಮೀದರು ಫೋನ್ ಮಾಡಿ ಅಂಗಲಾಚಬೇಕು. ಮರುದಿನ ಬಾಲಣ್ಣ ಮದುಮಗನ ಹಾಗೆ ಬಂದು, "ನಾನಿಲ್ಲದೆ ಆಗುದಿಲ್ಲ ಅಲ್ವಾ?" ಎನ್ನುವರು. ಸೌಕರ್ಯಕ್ಕೆಂದು ಮಾಡಿಕೊಂಡದ್ದಲ್ಲ ಆ ಕೀಗಳು. ಅವು ಬೇಲಿ.

ಒಂದು ಸಲ ಬೆಳ್ಳಾರೆಯಿಂದ ಕೇಶವ ಗೌಡರೆಂಬವರು ಬಂದರು. ತಾಯಿ ತೀರಿಕೊಂಡಿದ್ದರು, ಉತ್ತರಕ್ರಿಯೆಯ ಕಾಗದ ಆಗಬೇಕಿತ್ತು. ಬಾಲಣ್ಣ ಚಹಾ ಆರುವುದರೊಳಗೆ ಮುಗಿಸಿ ಬೆರಳು ಊದಿಕೊಂಡರು. ಒಮ್ಮೆ ಓದಿ ನೋಡಲೇ ಎಂದೆ.

"ನನ್ನ ಬೆರಳು ಓದಿಕೊಂಡೇ ಹೊಡೆಯುದು ಮಾರಾಯ್ತಿ."

ಎರಡು ದಿನ ಬಿಟ್ಟು ಗೌಡರು ಕಾಗದ ಹಿಡಿದು ಒಳಗೆ ಬಂದು ಮೇಜಿನ ಮೇಲೆ ಹರಡಿದರು. ತಾಯಿ ದೈವಾಧೀನರಾದರೆಂದು ವಿಷಾದದಿಂದ ತಿಳಿಸುವ ಸಾಲುಗಳ ಕೆಳಗೆ, ಸ್ಪಷ್ಟವಾಗಿ, 'ತಮ್ಮ ಸುಖಾಗಮನವನ್ನು ಬಯಸುವ ದುಃಖತಪ್ತ ಕುಟುಂಬಸ್ಥರು' ಎಂದಿತ್ತು. ಕಾಗದದ ಕೊನೆ ಬಂತೆಂದು ಅಭ್ಯಾಸದ ಬೆರಳು ತನ್ನಷ್ಟಕ್ಕೆ ಎಸ್ ಒತ್ತಿತ್ತು.

"ಅರ್ಧ ನೆಂಟರಿಗೆ ಹಂಚಿ ಆಯ್ತು. ಮಾವ ಫೋನ್ ಮಾಡಿ, ಭಾರೀ ಸುಖದಲ್ಲಿದ್ದೀಯಲ್ಲ ಅಂತ ಕೇಳಿದ್ರು. ನಾನು ಎಂತ ಹೇಳುದು?" ಗೌಡರ ಕಣ್ಣು ತುಂಬಿತ್ತು.

ಬಾಲಣ್ಣ ಕಾಗದವನ್ನು ದೂರ ಹಿಡಿದು ನೋಡಿದರು. "ಕೈ ತಪ್ಪಿದ್ದಲ್ಲ ಇದು. ಕೀ ತಪ್ಪಿದ್ದು."

ಹಮೀದರು ಆ ದಿನವೇ ಹೊಸ ಕಾಗದ ಹೊಡೆಸಿ, ಗೌಡರ ಮನೆಗೇ ಹೋಗಿ ಕ್ಷಮೆ ಕೇಳಿ ಬರಲು ಬಾಲಣ್ಣನನ್ನು ಕಳಿಸಿದರು. ಅವರ ಬಾಯಿಯ ಮೇಲೆ ನಂಬಿಕೆಯಿಲ್ಲದೆ ಜೊತೆಗೆ ನನ್ನನ್ನೂ.

ಜಗಲಿಯಲ್ಲಿ ಗೌಡರ ತಂದೆ ಕೂತಿದ್ದರು. "ಅದು ಕಂಪ್ಯೂಟರಿನ ದೋಷ" ಎಂದು ಬಾಲಣ್ಣ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ, "ತಪ್ಪಾಯ್ತು ಅಜ್ಜ" ಎಂದೆ.

ಅಜ್ಜ ಹಳೆಯ ಕಾಗದವನ್ನು ಮಡಿಲಲ್ಲಿಟ್ಟುಕೊಂಡಿದ್ದರು. "ಅವಳಿಗೆ ಮನೆಗೆ ಜನ ಬರುದಂದ್ರೆ ಖುಷಿ ಮಗಾ. ಬಂದವರು ಸುಖದಲ್ಲೇ ಬಂದು ಉಂಡು ಹೋಗ್ಲಿ. ಅವಳಿದ್ದಿದ್ರೂ ಅದನ್ನೇ ಹೇಳ್ತಿದ್ಲು" ಎಂದರು. ಹೊಸ ಕಾಗದದ ಕಟ್ಟನ್ನು ಮಗನಿಗೆ ಕೊಟ್ಟರು. ಹಳೆಯದೊಂದನ್ನು ಕೈಯಿಂದ ಬಿಡಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಬಾಲಣ್ಣ, "ನೋಡಿದೆಯಾ? ಹಿರಿಯರಿಗೆ ಅರ್ಥ ಆಯ್ತು. ಅದ್ರಲ್ಲಿ ತಪ್ಪೇ ಇರ್ಲಿಲ್ಲ" ಎಂದರು. ಆ ಅಜ್ಜನ ದೊಡ್ಡತನವನ್ನು ಈ ಮನುಷ್ಯ ತನಗೆ ಸಿಕ್ಕಿದ ಸರ್ಟಿಫಿಕೇಟು ಮಾಡಿಕೊಂಡಿದ್ದ! ಪುತ್ತೂರು ಬರುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಮರುದಿನ ಹಮೀದರು ಎಲ್ಲ ಕೀಗಳನ್ನೂ ಮೊದಲಿನಂತೆ ಮಾಡಿಸಿದರು. ಬಾಲಣ್ಣ ಟೈಪ್ ಮಾಡಲು ಕೂತರು. ಒಂದು ಮದುವೆ ಕಾಗದದ ಕೊನೆಗೆ ಬಂದು ಕಂಟ್ರೋಲ್ ಎಸ್ ಒತ್ತಿದರು. ಏನೂ ಮೂಡಲಿಲ್ಲ; ಕಂಪ್ಯೂಟರು ಸುಮ್ಮನೆ ಸೇವ್ ಮಾಡಿಕೊಂಡಿತು. ಮತ್ತೆ ಒತ್ತಿದರು, ಮತ್ತೆ. ನಾನು ಕಟಿಂಗ್ ಮೆಷಿನ್ನಿನ ಕಡೆ ತಿರುಗಿ ಮನಸಾರೆ ನಕ್ಕೆ. ತಿರುಗಿ ನೋಡಿದಾಗ ಅವರ ಕಿವಿಗಳು ಕೆಂಪಾಗಿದ್ದವು. ಅಷ್ಟು ವರ್ಷ ಬಿಡಿಸಿ ಹೊಡೆದೇ ಇರದ ಸುಖಾಗಮನವನ್ನು ಒಂದೊಂದೇ ಅಕ್ಷರವಾಗಿ, ಕೀಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದರು. ಆಮೇಲೆ ನಗು ಬರಲಿಲ್ಲ.

ಆ ವಾರವೇ ಕೆಲಸ ಬಿಟ್ಟರು. "ಕಡಬದಲ್ಲಿ ಸ್ವಂತ ಅಂಗಡಿ ಹಾಕ್ತೇನೆ. ಅಲ್ಲಿ ನನ್ನ ಕೀ, ನನ್ನ ಕಾನೂನು."

ಹಾಕಿದರು ಕೂಡ. ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಕಡಬದಲ್ಲಿ ಬಸ್ಸು ನಿಂತಾಗ ಅವರನ್ನು ಅಂಗಡಿಯಲ್ಲಿ ಕಿಟಕಿಯಿಂದ ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಯಾರಿಗೋ, ಯಾತಕ್ಕೋ, ಬೆರಳು ಮಾತ್ರ ಅದೇ ಓಟದಲ್ಲಿ ಓಡುತ್ತಿತ್ತು. ಹೆಂಗಸೊಬ್ಬಳು ವಾಟ್ಸಾಪಿನಲ್ಲಿ ಬಂದ ಏನನ್ನೋ ಪ್ರಿಂಟ್ ಮಾಡಿಸಲು ಮೊಬೈಲ್ ಚಾಚಿಕೊಂಡು ಎದುರಿಗೆ ನಿಂತಿದ್ದಳು. ಬಾಲಣ್ಣ ತಲೆ ಎತ್ತಲಿಲ್ಲ. ಅವಳು ಸ್ವಲ್ಪ ಕಾದು ಪಕ್ಕದ ಅಂಗಡಿಗೆ ಹೋದಳು. ಕರೆಯೋಣವೆಂದು ನಾನು ಕಿಟಕಿಯ ಗಾಜು ಸರಿಸಿದೆ. ಬಸ್ಸು ಹೊರಟಿತು.